ಪುಟದಲ್ಲಿ ಕಂಡ ಹಾಗೇ ಟೈಪ್ ಮಾಡಿದರೆ ಓಡುವಂಥ ಕೋಡ್

ಪ್ರಶ್ನೆ: ಸಾಗರದ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಅಡಿಕೆ ತೂಕ, ಧಾರಣೆಯ ಲೆಕ್ಕಗಳನ್ನೇ ಇಟ್ಟುಕೊಂಡು ಮಕ್ಕಳಿಗೆ ಪೈಥಾನ್ ಲ್ಯಾಬ್ ಪುಸ್ತಕ ಬರೆಯುತ್ತಿದ್ದೇನೆ. ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಪಠ್ಯವಾಗಿ ಬರೆದು, ಪ್ಯಾಂಡಾಕ್ ಎಂಬ ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟು, ಝೀಲಾಟೆಕ್ (ಪುಟ ಜೋಡಿಸುವ ಲಾಟೆಕ್ ತಂತ್ರಾಂಶದ ಒಂದು ಬಗೆ) ಮೂಲಕ ಪಿಡಿಎಫ್ ಮಾಡುತ್ತೇನೆ. ಕೋಡ್‌ನ ಉದ್ದ ಸಾಲುಗಳು ಬಲಗಡೆ ಅಂಚು ದಾಟಿ ಹೋಗುತ್ತವೆ. ಕೋಡ್ ಒಳಗಿನ ಕನ್ನಡ ಕಾಮೆಂಟ್ ಕಾಣುವುದೇ ಇಲ್ಲ. ಏನು ಮಾಡಲಿ ಸರ್?

ಉತ್ತರ: ಮೇಷ್ಟ್ರೇ, ಮೊದಲು ಉದ್ದ ಸಾಲಿನ ವಿಷಯ. ಲಾಟೆಕ್ ಕೋಡ್ ಸಾಲನ್ನು ತಾನಾಗಿ ಮುರಿಯುವುದಿಲ್ಲ. ಏನೂ ಬದಲಿಸದ 10 ಪಾಯಿಂಟ್ ಪುಟದಲ್ಲಿ ಒಂದು ಸಾಲಿಗೆ ಹಿಡಿಸುವುದು ಸುಮಾರು 65 ಅಕ್ಷರ. ಪೈಥಾನ್‌ನ ಶೈಲಿ ಕೈಪಿಡಿ 79ರವರೆಗೆ ಒಪ್ಪುತ್ತದೆ. ಅಂದರೆ ಶಿಸ್ತಾಗಿ ಬರೆದ ಕೋಡ್ ಕೂಡ ಆಚೆ ಹೋಗಬಹುದು.

ಲಾಟೆಕ್‌ಗೆ ಎಫ್‌ವಿಎಕ್ಸ್‌ಟ್ರಾ ಎಂಬ ಹೆಚ್ಚುವರಿ ಪ್ಯಾಕೇಜ್ ಸೇರಿಸಿ ‘ಬ್ರೇಕ್‌ಲೈನ್ಸ್’ ಕೊಟ್ಟರೆ ಸಾಲು ಮಡಚಿಕೊಳ್ಳುತ್ತದೆ. ಆದರೆ ಲ್ಯಾಬ್ ಪುಸ್ತಕಕ್ಕೆ ಅದು ಬೇಡ ಅನ್ನುತ್ತೇನೆ. ಮಕ್ಕಳು ನೋಡಿಕೊಂಡು ಟೈಪ್ ಮಾಡುವವರು. ಮಡಚಿದ ಕಡೆ ಎಂಟರ್ ಒತ್ತುತ್ತಾರೆ, ಪೈಥಾನ್ ಎರರ್ ಕೊಡುತ್ತದೆ. ಪಾಪ, ತಪ್ಪು ಅವರದ್ದಲ್ಲ ಅಲ್ವಾ? ನೀವೇ ಆವರಣ ಚಿಹ್ನೆಯ ಒಳಗೆ ಮುರಿದು ಬರೆಯಿರಿ. ಅಲ್ಲಿ ಸಾಲು ಮುರಿದರೆ ಪೈಥಾನ್‌ಗೆ ತೊಂದರೆಯಿಲ್ಲ. ರಾಶಿ, ಬೆಟ್ಟೆ ಎಂಬ ಎರಡು ಬಗೆ ಅಡಿಕೆಯ ಲೆಕ್ಕ ಹೀಗೆ:

```
# ಎರಡೂ ಸೇರಿ ಸಿಗುವ ದುಡ್ಡು
ಮೊತ್ತ = (ರಾಶಿ_ತೂಕ * ರಾಶಿ_ಧಾರಣೆ
        + ಬೆಟ್ಟೆ_ತೂಕ * ಬೆಟ್ಟೆ_ಧಾರಣೆ)
```

ಪೈಥಾನ್ 3ರಲ್ಲಿ ಹೀಗೆ ಕನ್ನಡದ ಹೆಸರುಗಳೂ ನಡೆಯುತ್ತವೆ.

ಇನ್ನು ಕಾಮೆಂಟ್. ಕೋಡ್‌ಗೆ ಬಳಕೆಯಾಗುವ ಮೊನೊ ಫಾಂಟ್‌ನಲ್ಲಿ (ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್) ಕನ್ನಡ ಅಕ್ಷರಗಳೇ ಇಲ್ಲ, ಅದಕ್ಕೇ ಜಾಗ ಖಾಲಿ. ಪಿಡಿಎಫ್ ಎಂಜಿನ್ ಅನ್ನು ಝೀಲಾಟೆಕ್‌ನಿಂದ ಲುವಾಲಾಟೆಕ್‌ಗೆ (ಲಾಟೆಕ್‌ನ ಇನ್ನೊಂದು ಬಗೆ) ಬದಲಿಸಿ. ಹೊಸ ಪ್ಯಾಂಡಾಕ್‌ನಲ್ಲಿ ‘ಮೊನೊಫಾಂಟ್‌ಫಾಲ್‌ಬ್ಯಾಕ್’ ಎಂಬ ಸೆಟ್ಟಿಂಗ್ ಇದೆ; ಮೊನೊ ಫಾಂಟ್‌ನಲ್ಲಿ ಇಲ್ಲದ ಅಕ್ಷರವನ್ನು ಅದು ಬೇರೆ ಫಾಂಟ್‌ನಿಂದ ತರುತ್ತದೆ. ಅಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹೆಸರು ಕೊಟ್ಟು, ಜೊತೆಗೆ ಹಾರ್ಫ್ ಮೋಡ್ (ಅಕ್ಷರ ಜೋಡಿಸಲು ಹಾರ್ಫ್‌ಬಝ್ ತಂತ್ರಾಂಶ ಬಳಸು ಎಂಬ ಸೂಚನೆ) ಹಾಕಿ. ಅದನ್ನು ಬಿಟ್ಟರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಪಾಠದ ಮುಖ್ಯ ಫಾಂಟ್‌ಗೂ ಹಾರ್ಫ್‌ಬಝ್ ರೆಂಡರರ್ ಕೊಡಲು ಮರೆಯಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ವಿವರಣೆಯ ಮಧ್ಯೆ ಬರುವ ತುಂಡು ಕೋಡನ್ನೂ ಬ್ಯಾಕ್‌ಟಿಕ್ (`) ಚಿಹ್ನೆಗಳ ಒಳಗೇ ಇಡಿ. ಸುಮ್ನೆ ಹಾಗೇ ಬರೆದರೆ ಪ್ಯಾಂಡಾಕ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡುತ್ತದೆ, ಎರಡು ಹೈಫನ್ ಸೇರಿಸಿ ಒಂದು ಗೆರೆ ಮಾಡುತ್ತದೆ. ಪಿಡಿಎಫ್‌ನಿಂದ ಅದನ್ನು ಕಾಪಿ ಮಾಡಿದ ಹುಡುಗನಿಗೆ ಸಿಂಟ್ಯಾಕ್ಸ್ ಎರರ್ ಖಚಿತ. ದೊಡ್ಡ ಕೋಡ್‌ಗೆ ಮೇಲೆ ಕೆಳಗೆ ಮೂರು ಬ್ಯಾಕ್‌ಟಿಕ್ ಹಾಕಿ. ಆ ಮೂರು ಬ್ಯಾಕ್‌ಟಿಕ್‌ಗಳನ್ನೇ ಪುಟದಲ್ಲಿ ತೋರಿಸಬೇಕಾದರೆ ಹೊರಗಡೆ ನಾಲ್ಕು ಹಾಕಿದರಾಯಿತು.