ವಾಲ್ವ್ ಬದಲಿಸುವ ಮೊದಲು ಸದ್ದು ಕೇಳಿ

ಪ್ರಶ್ನೆ: ಹಳೆಯ ವಾಲ್ವ್ (ದನಿ ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್ಲಿಫೈಯರ್ ಕೊಂಡಿದ್ದೇನೆ. ಒಳಗೆ ಮೊದಲ ಹಂತದ ಇಸಿಸಿ 83 ಎರಡು, ಸ್ಪೀಕರ್‌ಗೆ ಬಲ ಕೊಡುವ ಇಎಲ್ 84 ಎರಡು ವಾಲ್ವ್‌ಗಳಿವೆ. ಆನ್ ಮಾಡಿದ ಕೂಡಲೇ ಗುಂಯ್ ಅನ್ನುತ್ತದೆ. ಹತ್ತು ನಿಮಿಷ ಕಳೆದರೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಶುರು. ನಾಲ್ಕೂ ವಾಲ್ವ್ ಬದಲಿಸಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಸದ್ದು ಬಂತು ಅಂದರೆ ಎಲ್ಲರೂ ಮೊದಲು ಬೈಯುವುದು ವಾಲ್ವನ್ನೇ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ ಅನ್ನಿಸುತ್ತದೆ.

ಮೊದಲು ಗುಂಯ್. ಗಿಟಾರ್ ಕೇಬಲ್ ತೆಗೆದು ಕೇಳಿ. ನಿಂತರೆ ತಪ್ಪು ಹೊರಗಿದೆ. ನಿಲ್ಲದಿದ್ದರೆ ವಾಲ್ಯೂಮ್ ಸೊನ್ನೆಗೆ ತನ್ನಿ. ಆಗಲೂ ಅಷ್ಟೇ ಇದ್ದರೆ ಅದು ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಸೇರುತ್ತಿರುವ ಸದ್ದು. ಇನ್ನು ಗುಂಯ್‌ನ ಸ್ವರ ಗುರುತಿಸಿ. ಬೀದಿ ಮೂಲೆಯ ಕರೆಂಟ್ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದಲ್ವಾ, ಅದು 100 ಹರ್ಟ್ಸ್. ನಿಮ್ಮದೂ ಅದೇ ಸ್ವರವಾದರೆ ಪವರ್ ಸಪ್ಲೈಯಲ್ಲಿ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಜಾಸ್ತಿ. ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಕೇಳಿದರೆ 50 ಹರ್ಟ್ಸ್. ಆಗ ವಾಲ್ವ್ ಬಿಸಿ ಮಾಡುವ ಫಿಲಮೆಂಟ್‌ನ ವೈರಿಂಗ್, ಅರ್ತ್ ಕಡೆ ನೋಡಬೇಕು. ಹಳೆಯ ಸೆಟ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಕೆಪಾಸಿಟರ್ ದೋಷವೇ.

ಈಗ ಚಟಪಟ. ಸ್ವಿಚ್ ಆಫ್ ಮಾಡಿ, ತಣ್ಣಗಾದ ಮೇಲೆ ಗಿಟಾರ್ ಜ್ಯಾಕ್‌ಗೆ ಹತ್ತಿರದ ಇಸಿಸಿ 83 ಕಿತ್ತಿಡಿ. ಮತ್ತೆ ಆನ್ ಮಾಡಿ ಹತ್ತು ನಿಮಿಷ ಕಾಯಿರಿ. ಸಿಡಿತ ಹೋಗಿದ್ದರೆ ದೋಷ ಆ ಹಂತದಲ್ಲೇ ಇದೆ. ಹೊಸ ವಾಲ್ವ್ ಹಾಕಿದರೂ ಹೋಗಿಲ್ಲವಾದ್ದರಿಂದ ನನ್ನ ಅನುಮಾನ ಅದರ ಪ್ಲೇಟ್ ರೆಸಿಸ್ಟರ್ (ವಾಲ್ವ್‌ನ ಪ್ಲೇಟ್ ತುದಿಗೆ ಕರೆಂಟ್ ಹೋಗುವ ದಾರಿಯಲ್ಲಿರುವ ರೆಸಿಸ್ಟರ್) ಮೇಲೆ. ಸಾಮಾನ್ಯವಾಗಿ ಅದು 100 ಕಿಲೋ ಓಮ್. ಕಂದು, ಕಪ್ಪು, ಹಳದಿ ಪಟ್ಟೆ ಇರುತ್ತದೆ. ಹಳೆಯ ಕಾರ್ಬನ್ ರೆಸಿಸ್ಟರ್ ಬಿಸಿಯಾದಂತೆ ಹೀಗೆ ಸಿಡಿಯುತ್ತದೆ. 1 ವ್ಯಾಟ್‌ನ ಮೆಟಲ್ ಫಿಲ್ಮ್ ಹಾಕಿಸಿ. ಬೆಲೆ ಕೆಲವೇ ರೂಪಾಯಿ. ಹಾಗೇ ಸಾಕೆಟ್ ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಕಿಲುಬು ಹಿಡಿದರೂ ಇದೇ ಸದ್ದು.

ಒಂದು ಮಾತು ದಯವಿಟ್ಟು ಕೇಳಿ. ಒಳಗೆ 300 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿಯಬಹುದು, ಜೀವಕ್ಕೇ ಅಪಾಯ. ವಾಲ್ವ್ ಕೀಳುವುದು, ಕೇಳುವುದು ನೀವು ಮಾಡಿ. ಚಾಸಿ (ಒಳಗಿನ ಲೋಹದ ಚೌಕಟ್ಟು) ಬಿಚ್ಚುವ ಕೆಲಸ ವಾಲ್ವ್ ಸೆಟ್ ರಿಪೇರಿ ಗೊತ್ತಿರುವವರಿಗೇ ಬಿಡಿ. ಕೆಪಾಸಿಟರ್ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿಯೇ ಅವರು ಕೈ ಹಾಕುತ್ತಾರೆ. ಸ್ಪೀಕರ್ ಕಳಚಿಟ್ಟು ಮಾತ್ರ ಎಂದೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ತೆಗೆದಿಟ್ಟ ಹಳೆಯ ವಾಲ್ವ್‌ಗಳನ್ನು ಎಸೆದಿಲ್ಲ ತಾನೇ? ರಿಪೇರಿ ಆದ ಮೇಲೆ ಒಂದೊಂದಾಗಿ ಹಾಕಿ, ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪೀಕರ್‌ನಲ್ಲಿ ಗಂಟೆಯಂತೆ ಟಣ್ ಅನ್ನದಿದ್ದರೆ, ಗಿಟಾರ್ ದನಿಯೂ ಸರಿಯಿದ್ದರೆ, ಅವನ್ನೇ ಮತ್ತೆ ಬಳಸಿ.