ಲೇಖನ ವಾಪಸ್ ಕಳಿಸುತ್ತಿದ್ದೇನೆ, ಅಸೀಲಾದಿಂದ ಶುರು ಮಾಡಿ

ನಮಸ್ಕಾರ,

ಮೊರಾಕ್ಕೊದ ಮೊಹಮ್ಮದ್ ಬೆನೈಸಾ ಬಗ್ಗೆ ನೀವು ಬರೆದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಒಳ್ಳೆಯದನ್ನೇ ಹಿಡಿದಿದ್ದೀರಿ.

ಮೊದಲ ಎರಡು ಪುಟ ಸಂಬಂಧ ನೋಡಲು ಕಳಿಸುವ ಬಯೋಡೇಟಾ ಥರ ಇದೆ. 1937ರಲ್ಲಿ ಮೊರಾಕ್ಕೊದ ಅಸೀಲಾ ಊರಲ್ಲಿ ಹುಟ್ಟಿದರು, ಅಮೆರಿಕದ ಮಿನೆಸೋಟದಲ್ಲಿ ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು, 1985ರಿಂದ 1992ರವರೆಗೆ ಸಂಸ್ಕೃತಿ ಸಚಿವ, 1993ರಿಂದ ವಾಷಿಂಗ್ಟನ್‌ನಲ್ಲಿ ರಾಯಭಾರಿ, 1999ರಿಂದ 2007ರವರೆಗೆ ವಿದೇಶಾಂಗ ಸಚಿವ, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎಲ್ಲ ಸರಿಯೇ. ಆದರೆ ಇದಕ್ಕೆ ಎರಡು ಪುಟ ಯಾಕೆ? ನಾನು ಈಗ ಒಂದೇ ವಾಕ್ಯದಲ್ಲಿ ಮುಗಿಸಿದೆನಲ್ಲ.

"ದೇಶದ ವಿದೇಶಾಂಗ ನೀತಿಯನ್ನು ರೂಪಿಸಿದ ಮಹಾನ್ ಮುತ್ಸದ್ದಿ" ಎಂದು ಬರೆದಿದ್ದೀರಿ. ನಿಜಾನಾ? ಮೊರಾಕ್ಕೊದಲ್ಲಿ ವಿದೇಶಾಂಗ, ಗೃಹ ಇಂಥ ಖಾತೆಗಳಿಗೆ ಯಾರು ಎನ್ನುವುದನ್ನು ಅರಮನೆಯೇ ತೀರ್ಮಾನಿಸುತ್ತಾ ಬಂದಿದೆ. ಬೆನೈಸಾ ಮಂತ್ರಿಯಾದ ಕೆಲವೇ ತಿಂಗಳಿಗೆ ದೊರೆ ಎರಡನೇ ಹಸನ್ ತೀರಿಕೊಂಡರು, ಮಗ ಆರನೇ ಮೊಹಮ್ಮದ್ ಪಟ್ಟಕ್ಕೆ ಬಂದರು. 2002ರಲ್ಲಿ ಯೂಸೂಫಿ ಹೋಗಿ ಜೆಟ್ಟೂ ಪ್ರಧಾನಿಯಾದರು. ಬೆನೈಸಾ ಮಾತ್ರ ಕದಲಲಿಲ್ಲ. ಅವರು ಯಾರಿಗೆ ಉತ್ತರ ಹೇಳಬೇಕಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತದೆ ಅಲ್ವಾ? ಇದನ್ನು ಬರೆದರೆ ಅವರ ಮರ್ಯಾದೆ ಏನೂ ಕಮ್ಮಿ ಆಗುವುದಿಲ್ಲ. ಬೇರೆಯವರ ತೀರ್ಮಾನವನ್ನು ಜಗತ್ತಿನ ಮುಂದೆ ನಿಂತು ಸಮರ್ಥಿಸುವುದೂ ಒಂದು ಕಸುಬು. ಆ ಕಸುಬನ್ನು ತೋರಿಸಿ.

ತೋರಿಸಲು 2002ರ ಜುಲೈ ಇದೆ. ನೀವು ಅದನ್ನು "ಸ್ಪೇನ್ ಜೊತೆಗಿನ ಬಿಕ್ಕಟ್ಟು" ಅಂತ ಸುಮ್ನೆ ದಾಟಿಸಿಬಿಟ್ಟಿದ್ದೀರಿ. ಅಯ್ಯೋ! ಮೊರಾಕ್ಕೊ ದಡದಿಂದ ಸುಮಾರು 250 ಮೀಟರ್ ದೂರದಲ್ಲಿ ಒಂದು ಬಂಡೆ ದ್ವೀಪ. ಜನರಿಲ್ಲ, ಆಡು ಮೇಯುತ್ತವೆ. ಸ್ಪೇನ್‌ನವರಿಗೆ ಪೆರೆಖಿಲ್, ಮೊರಾಕ್ಕೊದವರಿಗೆ ಲೈಲಾ. 11ನೇ ತಾರೀಕು ಮೊರಾಕ್ಕೊದ ಬೆರಳೆಣಿಕೆಯಷ್ಟು ಸಿಬ್ಬಂದಿ ಹೋಗಿ ಬಾವುಟ ನೆಟ್ಟರು. 17ಕ್ಕೆ ಸ್ಪೇನ್ ಕಮಾಂಡೊಗಳು ಹೆಲಿಕಾಪ್ಟರ್‌ನಲ್ಲಿ ಬಂದಿಳಿದು ಅಲ್ಲಿದ್ದವರನ್ನು ಹಿಡಿದು ಗಡಿ ದಾಟಿಸಿದರು. ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಫೋನಿನ ಮೇಲೆ ಫೋನು ಮಾಡಿ ಎರಡೂ ಕಡೆ ಒಪ್ಪಿಸಿದರು. 22ಕ್ಕೆ ಸ್ಪೇನ್‌ನ ಹೊಸ ವಿದೇಶಾಂಗ ಸಚಿವೆ ಅನಾ ಪಲಾಸಿಯೊ ಮೊರಾಕ್ಕೊದ ರಾಜಧಾನಿ ರಬಾತ್‌ಗೆ ಬಂದು ಬೆನೈಸಾ ಎದುರು ಕೂತರು. ದ್ವೀಪ ಮೊದಲಿನ ಹಾಗೇ ಖಾಲಿ ಇರಲಿ ಎಂದಾಯಿತು. ಆಡು ಮೇಯುವ ಬಂಡೆಗೆ ಎರಡು ದೇಶ ಇಷ್ಟು ರಂಪ ಮಾಡಿಕೊಂಡಿದ್ದನ್ನು ಯಾರಾದರೂ ಒಂದು ಸಾಲಿನಲ್ಲಿ ಮುಗಿಸುತ್ತಾರಾ?

ಇನ್ನು ಅಸೀಲಾ. ಕೊನೆಯ ಪುಟದ ಮೂಲೆಗೆ ತಳ್ಳಿದ್ದೀರಿ. ನನ್ನ ಕೇಳಿದರೆ ಲೇಖನದ ಜೀವ ಅಲ್ಲೇ ಇದೆ. ಟಾಂಜಿಯರ್‌ನಿಂದ ದಕ್ಷಿಣಕ್ಕೆ, ಅಟ್ಲಾಂಟಿಕ್ ದಡದ ಸಣ್ಣ ಊರು. ಸುತ್ತ ಪೋರ್ಚುಗೀಸರ ಕಾಲದ ಕೋಟೆ ಗೋಡೆ, ಒಳಗೆ ಹಾಳು ಬಿದ್ದ ಹಳೇ ಪೇಟೆ. 1978ರಲ್ಲಿ ಬೆನೈಸಾ ಮತ್ತು ಅದೇ ಊರಿನ ಚಿತ್ರಕಾರ ಮೊಹಮ್ಮದ್ ಮೆಲೇಹಿ ಕಲಾವಿದರನ್ನು ಕರೆಸಿ ಓಣಿ ಓಣಿಯ ಬಿಳಿ ಗೋಡೆಗಳ ಮೇಲೆ ಚಿತ್ರ ಬರೆಸಿದರು. ಜನರ ಮನೆ ಗೋಡೆ, ಗ್ಯಾಲರಿ ಅಲ್ಲ. ಅದೇ ವರ್ಷಾವರ್ಷ ನಡೆಯುವ ಉತ್ಸವವಾಯಿತು. ಆಫ್ರಿಕಾದ ಕವಿಗಳು, ಅರಬ್ ಲೇಖಕರು ಬರತೊಡಗಿದರು. ಕಾಂಗೋದ ಕವಿ ಚಿಕಾಯಾ ಉ ತಾಮ್ಸಿ ಹೆಸರಲ್ಲಿ ಅಲ್ಲಿ ಒಂದು ಉದ್ಯಾನವೇ ಇದೆ. ಊರಿನ ಜೀರ್ಣೋದ್ಧಾರಕ್ಕೆ 1989ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಬೆನೈಸಾ ದಶಕಗಳ ಕಾಲ ಆ ಊರಿನ ಮೇಯರ್. ರಬಾತ್‌ನಲ್ಲಿ ಅರಮನೆಯ ಮಾತು ಕೇಳಬೇಕಿದ್ದ ಮನುಷ್ಯ ಇಲ್ಲಿ ತಾನೇ ನಿಂತು ಕೆಲಸ ಮಾಡಿಸಿದ. ಇವೆರಡನ್ನೂ ಅಕ್ಕಪಕ್ಕ ಇಡಿ. ಹಾಗಂತ ಊರಿಗೆ ಊರೇ ಅವರನ್ನು ಹೊಗಳುತ್ತಿತ್ತು ಎಂದು ಬರೆಯಬೇಡಿ. ಅಷ್ಟು ವರ್ಷ ಒಬ್ಬರೇ ಕುರ್ಚಿಯಲ್ಲಿದ್ದರೆ ಗೊಣಗುವವರೂ ಇರುತ್ತಾರೆ, ಅವರನ್ನೂ ಹುಡುಕಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಅವಿಸ್ಮರಣೀಯ", "ಅಪ್ರತಿಮ" ತೆಗೆಯಿರಿ. ಕಡೆಯ ಪ್ಯಾರಾದ ಶ್ರದ್ಧಾಂಜಲಿಯನ್ನೂ ತೆಗೆಯಿರಿ.

ತಿದ್ದಿ ಕಳಿಸಿ, ಈಗಿನದರ ಮುಕ್ಕಾಲು ಭಾಗ ಇದ್ದರೆ ಸಾಕು. ಅಸೀಲಾದ ಗೋಡೆಗಳ ಫೋಟೊ ಸಿಕ್ಕರೆ ಯಾರು ತೆಗೆದದ್ದು, ಯಾವ ವರ್ಷದ್ದು ಎಂದು ಬರೆದಿಡಿ.