ಬಾವಿ ನೀರಿನ ಸೀಸ, ಕ್ಯಾಡ್ಮಿಯಂ ತೆಗೆಯಲು ಮಣ್ಣಿನ ಬ್ಯಾಕ್ಟೀರಿಯಾ

ಪರೀಕ್ಷೆಯಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಕಂಡುಬಂದಿರುವ ಬಾವಿಗೆ ಬ್ಯಾಸಿಲಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಪುಡಿಯನ್ನು ಸುರಿದರೆ ನೀರು ಶುದ್ಧವಾಗುವುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಎಣ್ಣೆಯನ್ನೋ ಕೆಲವು ಕೀಟನಾಶಕಗಳನ್ನೋ ಬ್ಯಾಕ್ಟೀರಿಯಾ ಒಡೆದು ಇಲ್ಲವಾಗಿಸಬಲ್ಲವು. ಆದರೆ ಸೀಸವು ಮೂಲಧಾತುವಾದುದರಿಂದ ಅದನ್ನು ಒಡೆಯಲು ಯಾವ ಜೀವಿಗೂ ಸಾಧ್ಯವಿಲ್ಲ. ಲೋಹವನ್ನು ಮೈಗೆ ಅಂಟಿಸಿಕೊಳ್ಳುವುದು ಅಥವಾ ನೀರಿನಲ್ಲಿ ಕರಗದ ರೂಪಕ್ಕೆ ತರುವುದು, ಇಷ್ಟೇ ಅವುಗಳಿಂದ ಆಗುವ ಕೆಲಸ.

ಬ್ಯಾಸಿಲಸ್ ಮಾಡುವುದು ಮುಖ್ಯವಾಗಿ ಮೊದಲನೆಯದನ್ನು. ಅದರ ಕೋಶಭಿತ್ತಿಯ ಕಾರ್ಬಾಕ್ಸಿಲ್ ಮತ್ತು ಫಾಸ್ಫೇಟ್ ಎಂಬ ರಾಸಾಯನಿಕ ಗುಂಪುಗಳು ನೀರಿನಲ್ಲಿ ಕರಗಿರುವ ಲೋಹದ ಅಯಾನುಗಳನ್ನು (ವಿದ್ಯುದಂಶವಿರುವ ಕಣಗಳನ್ನು) ಹಿಡಿದುಕೊಳ್ಳುತ್ತವೆ. ಸತ್ತ ಕೋಶಗಳೂ ಹಿಡಿಯುತ್ತವೆ. ಆದರೆ ಒಂದು ಗ್ರಾಂ ಒಣ ಕೋಶರಾಶಿಗೆ ಸಾಮಾನ್ಯವಾಗಿ ಹತ್ತಾರು ಮಿಲಿಗ್ರಾಂ ಲೋಹವಷ್ಟೇ ಅಂಟುತ್ತದೆ, ನೀರು ಆಮ್ಲೀಯವಾದರೆ ಅದೂ ಕಳಚಿಕೊಳ್ಳುತ್ತದೆ. ಆ ಕೋಶಗಳು ಬಾವಿಯಲ್ಲೇ ತೇಲುತ್ತಿದ್ದರೆ ಲೋಹವೂ ಕೊಡದೊಳಗೇ ಬರುತ್ತದೆ.

ಪ್ರಯತ್ನಿಸಲು ಯೋಗ್ಯವಾದದ್ದು ಎರಡನೆಯ ದಾರಿ. ಡೆಸಲ್ಫೋವಿಬ್ರಿಯೋದಂತಹ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕೆಸರಿನಲ್ಲಿ, ನೀರಿನಲ್ಲಿ ಕರಗಿರುವ ಗಂಧಕದ ರೂಪವಾದ ಸಲ್ಫೇಟನ್ನು ಗಂಧಕದ ಇನ್ನೊಂದು ರೂಪವಾದ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಆ ಸಲ್ಫೈಡ್ ಸೀಸ, ಕ್ಯಾಡ್ಮಿಯಂ, ಸತುಗಳೊಡನೆ ಸೇರಿ ಕರಗದ ಪುಡಿಯಾಗಿ ತಳಕ್ಕಿಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಬುಡೆಲ್‌ನಲ್ಲಿ ಸತು ಕಾರ್ಖಾನೆಯೊಂದರ ಅಂತರ್ಜಲವನ್ನು 1992ರಿಂದ ಇದೇ ತತ್ತ್ವದ ಮೇಲೆ ಶುದ್ಧೀಕರಿಸಲಾಗಿದೆ.

ಸಣ್ಣ ಪ್ರಯೋಗಕ್ಕೆ ಒಂದು ಡ್ರಮ್ ಸಾಕು. ತಳಕ್ಕೆ ಜಲ್ಲಿ, ಅದರ ಮೇಲೆ ಕೊಟ್ಟಿಗೆ ಗೊಬ್ಬರ, ಮರದ ಚಕ್ಕೆ, ಸುಣ್ಣಕಲ್ಲಿನ ಚೂರುಗಳ ಮಿಶ್ರಣವನ್ನು ತುಂಬಿ, ಯಾವುದಾದರೂ ಸ್ವಚ್ಛ ಕೆರೆಯ ತಳದ ಕಪ್ಪು ಕೆಸರನ್ನು ಹೆಪ್ಪಿನಂತೆ ಬೆರೆಸಿ, ನೀರನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹರಿಸಬೇಕು. ಮೊದಲ ಕೆಲವು ವಾರ ಹರಿವನ್ನು ನಿಲ್ಲಿಸಿಡಿ. ಒಳಭಾಗ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆರಂಭವಾಗಿದೆ ಎಂದರ್ಥ. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಷಾನಿಲವಾಗಿದ್ದು, ಪ್ರಮಾಣ ಹೆಚ್ಚಾದಾಗ ಮೂಗಿಗೆ ಅದು ತಿಳಿಯುವುದೇ ನಿಂತುಹೋಗುವುದರಿಂದ ಡ್ರಮ್ ಬಯಲಿನಲ್ಲೇ ಇರಲಿ. ಅನಂತರ ನೀರು ಒಳಗೆ ಎರಡು ಮೂರು ದಿನ ನಿಲ್ಲುವಷ್ಟು ಹರಿವನ್ನು ಇಟ್ಟುಕೊಳ್ಳಿ. ಡ್ರಮ್ ಒಣಗಲು ಮಾತ್ರ ಬಿಡಬೇಡಿ. ಗಾಳಿ ತಗುಲಿದರೆ ಸಲ್ಫೈಡ್ ಆಕ್ಸೀಕರಣಗೊಂಡು ಲೋಹ ಮತ್ತೆ ನೀರಿಗೆ ಸೇರುತ್ತದೆ.

ಪಾದರಸ ಅಥವಾ ಆರ್ಸೆನಿಕ್ ಇರುವ ನೀರಿಗೆ ಇದನ್ನು ಮಾಡಲೇಬಾರದು. ಇದೇ ಗುಂಪಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಪಾದರಸವನ್ನು ಇನ್ನೂ ಘೋರವಾದ ಮೀಥೈಲ್ ಪಾದರಸವಾಗಿಸುತ್ತವೆ. ಗಾಳಿಯಿಲ್ಲದ ಸ್ಥಿತಿಯಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿರುವ ಆರ್ಸೆನಿಕ್ ಬಿಡುಗಡೆಯಾಗಬಹುದು.

ಡ್ರಮ್‌ಗೆ ಹೋಗುವ ಮತ್ತು ಅದರಿಂದ ಬರುವ ನೀರನ್ನು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 10, ಕ್ಯಾಡ್ಮಿಯಂ 3 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಲೋಹ ಆ ಮಿತಿಗಿಳಿದರೂ ಗೊಬ್ಬರದ ಮೂಲಕ ಬಂದ ಈ ನೀರನ್ನು ಕುಡಿಯಬೇಡಿ. ಕುಡಿಯಲು ಬೇರೆ ಮೂಲವನ್ನೇ ನೋಡಿಕೊಳ್ಳಿ. ಬಳಸಿದ ಗೊಬ್ಬರದಲ್ಲಿ ಲೋಹವೆಲ್ಲ ಸೇರಿರುವುದರಿಂದ ಅದನ್ನು ಹೊಲಕ್ಕಾಗಲಿ ತಿಪ್ಪೆಗಾಗಲಿ ಹಾಕದೆ, ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೇ ಒಪ್ಪಿಸಬೇಕು.

ನಿಮ್ಮ ನೀರಿನ ಪರೀಕ್ಷಾ ವರದಿಯಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ) ಮತ್ತು ಸಲ್ಫೇಟ್ ಅಂಕಿಗಳಿದ್ದರೆ ಇಲ್ಲಿ ತಿಳಿಸಿ. ಸಲ್ಫೇಟ್ ಕಡಿಮೆಯಿದ್ದರೆ ಡ್ರಮ್‌ನ ಮಿಶ್ರಣಕ್ಕೆ ಸಲ್ಫೇಟ್ ಇರುವ ಜಿಪ್ಸಂ ಸೇರಿಸಬೇಕಾಗುತ್ತದೆ.